ಹದಿನಾಲ್ಕನೇ ನಂಬರಿನ ಅಂಗಡಿ

ಖುರ್ಚಿ ತಿರುಗುವಂಥದ್ದು. ಪುತಳಾಬಾಯಿ ಕೂತ ಕೂಡಲೇ ಅದು ಸರ್ರನೆ ಗೋಡೆಯ ಕಡೆ ಹೊರಳಿತು. ಆಕೆ ಗಾಬರಿಯಾಗಿ ಎರಡೂ ಕೈಯಿಂದ ಗಾಜಿನ ಕೌಂಟರು ಹಿಡಿದುಕೊಂಡಳು. ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಗಾಜಿನ ಕೆಳಗೆ ಮೊಬೈಲುಗಳು ಸಾಲಾಗಿ ಮಲಗಿದ್ದವು. ಅವುಗಳಲ್ಲಿ ಒಂದರ ಬೆಲೆಯೂ ಆಕೆಗೆ ಗೊತ್ತಿರಲಿಲ್ಲ.

"ಬಿಗಿಯಾಗಿ ಕುಂದರು. ಮಾಲಕರಂಗ ಕುಂದರು," ಎಂದರು ರಾಮಣ್ಣ ಸಾವಕಾರರು ಬಾಗಿಲಲ್ಲಿ ನಿಂತು. "ಹೆಸರು ಕೇಳಿದ್ರ ಏನಂತಿ?"

"ಪುತಳಾಬಾಯಿ ಗಂಡ ದೇವಿಂದ್ರಪ್ಪ. ಊರು ಕಮಲಾಪುರ."

"ಅಂಗಡಿ ಯಾರ್ದು?"

"ನಂದ್ರಿ."

"ಅಷ್ಟು ಮೆಲ್ಲಕ ಅಂದ್ರ ಕಳವಿನ ಮಾಲು ಅಂತ ತಿಳ್ಕೋತಾರ. ಜೋರಿಲೆ ಅನ್ನು."

"ನಂದು," ಎಂದಳು ಪುತಳಾಬಾಯಿ. ಅಂದ ಮೇಲೆ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ತಾನೇ ಒಮ್ಮೆ ಹೊರಗೆ ನೋಡಿದಳು.

ಅಂಗಡಿ ನಡೆಸುವ ಹಮೀದ್ ಮೂಲೆಯಲ್ಲಿ ನಿಂತು, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ. ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ. "ಈ ಹೊತ್ತು ನಾ ನಿನ್ನ ಕೆಲಸದಾಂವ, ಆಯಿ. ಪಗಾರ ಎಷ್ಟು ಕೊಡ್ತಿ?" ಎಂದು ಆಕೆಯನ್ನು ನಗಿಸಲು ನೋಡಿದ. ಅವನ ತುಟಿ ಒಣಗಿತ್ತು. ಇವತ್ತು ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಬೀದಿಗೆ ಬೀಳುವವನು ತಾನೇ ಎಂದು ಅವನಿಗೆ ಗೊತ್ತಿತ್ತು.

ಹೊರಗೆ ಮೂರನೇ ಮೆಟ್ಟಿಲ ಮೇಲೆ ಆಕೆಯ ಬಾಳೆಹಣ್ಣಿನ ಬುಟ್ಟಿ ಒದ್ದೆ ಗೋಣಿಚೀಲ ಹೊದ್ದು ಕೂತಿತ್ತು. ಇಪ್ಪತ್ತು ವರ್ಷದಿಂದ ಆಕೆಯ ಜಾಗ ಅದೇ. ಅಲ್ಲಿಂದ ಈ ಖುರ್ಚಿಗೆ ಎಂಟು ಹೆಜ್ಜೆ. ಬೇಸಿಗೆಯಲ್ಲಿ ಕುಡಿಯುವ ನೀರು ಕೇಳಲು ಬಂದಾಗಲೂ ಆಕೆ ಬಾಗಿಲ ಹೊರಗೇ ನಿಲ್ಲುತ್ತಿದ್ದಳು.

ಗುಲ್‌ಮೊಹರ್ ಕಾಂಪ್ಲೆಕ್ಸ್ ಏಳುವುದಕ್ಕಿಂತ ಮೊದಲು ಆ ಜಾಗದಲ್ಲಿ ಬಯಲಿತ್ತು, ಒಂದು ಬೇವಿನ ಮರವಿತ್ತು, ಅದರ ನೆರಳಿಗೆ ಕೂತು ಮಾರುವ ಎಂಟು ಜನರಿದ್ದರು. ಕಲಬುರ್ಗಿಯ ಕೋಟೆ ಕಡೆಯಿಂದ ಸಂತೆಗೆ ಬರುವವರಿಗೆಲ್ಲ ಅದೇ ದಾರಿ. ಪುತಳಾಬಾಯಿ ಮದುವೆಯಾಗಿ ಬಂದ ಮರುವರ್ಷದಿಂದಲೇ ಮೊದಲ ಬಸ್ಸಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಏರಿಸಿಕೊಂಡು ಬಂದು ಅಲ್ಲಿ ಕೂರುತ್ತಿದ್ದಳು. ಎಂಬತ್ತೈದರಲ್ಲಿ ನಗರಪಾಲಿಕೆಯವರು ಜಾಗ ಅಳೆದರು, ಮರ ಕಡಿದರು. ಅಲ್ಲಿ ಕೂರುತ್ತಿದ್ದ ಎಂಟೂ ಜನಕ್ಕೆ ಒಂದೊಂದು ಕಾಗದ ಬಂತು. ಹೊಸ ಕಾಂಪ್ಲೆಕ್ಸಿನಲ್ಲಿ ನಿಮಗೂ ಒಂದೊಂದು ಅಂಗಡಿ ಉಂಟು, ಹದಿನೈದು ದಿನದಲ್ಲಿ ಅನಾಮತ್ತು, ಅಂದರೆ ಠೇವಣಿ, ಕಟ್ಟಬೇಕು ಎಂದು ಅದರಲ್ಲಿ ಬರೆದಿತ್ತು. ಆಕೆಯ ಗಂಡ ದೇವಿಂದ್ರಪ್ಪ ಖಣಿಯಲ್ಲಿ ಕಲ್ಲು ಒಡೆಯುವವನು. ಎಷ್ಟು ಕಟ್ಟಬೇಕೆಂದು ಕೇಳಿ ನಕ್ಕುಬಿಟ್ಟ. "ಅಷ್ಟು ರೊಕ್ಕ ಇದ್ದಿದ್ರ ನೀ ಯಾಕ ಗಿಡದ ಬುಡಕ ಕುಂದರ್ತಿದ್ದಿ?" ಅಂದ.

ಆಗ ಬಂದವರು ರಾಮಣ್ಣ ಸಾವಕಾರರು. ಪೇಟೆಯಲ್ಲಿ ಅವರದು ದೊಡ್ಡ ಬಟ್ಟೆ ಅಂಗಡಿ. "ಅನಾಮತ್ತು ನಾ ಕಟ್ತೀನಿ. ಕಾಗದ ನಿನ್ನ ಹೆಸರಲೇ ಇರ್ಲಿ. ಅಂಗಡಿ ನಾ ನಡಸ್ತೀನಿ. ನೀ ಮುಂದ ಮೆಟ್ಟಲ ಮ್ಯಾಲೆ ಕುಂದರು, ನಿನಗ ಯಾರೂ ಏಳಸಂಗಿಲ್ಲ. ಇದು ನನ್ನ ಮಾತು," ಎಂದರು. ಪುತಳಾಬಾಯಿಗೆ ಅದು ದೊಡ್ಡ ಉಪಕಾರವಾಗಿ ಕಂಡಿತು. ಬೇರೆಯವರು ಕಾಗದ ಮಾರಿ ಕೈಯಲ್ಲಿ ಸಿಕ್ಕಿದ್ದನ್ನು ತೆಗೆದುಕೊಂಡು ಎಲ್ಲೆಲ್ಲೋ ಹೋದರು. ಆಕೆಗೆ ಕೂರುವ ಜಾಗವಾದರೂ ಉಳಿಯಿತು. ಸಾವಕಾರರು ಕೊಟ್ಟ ಮಾತನ್ನು ನಡೆಸಿಯೂ ಕೊಟ್ಟರು.

ಕಾಂಪ್ಲೆಕ್ಸ್ ತೆರೆದ ಮೊದಲ ವರ್ಷ ಅದನ್ನು ಬರೀ ನೋಡಲಿಕ್ಕೆಂದೇ ಜನ ಬರುತ್ತಿದ್ದರು. ಮಹಾಗಾಂವದವರು ಟೆಂಪೊ ತುಂಬಿ ಬರುತ್ತಿದ್ದರು, ಶರಣಸಿರಸಗಿಯವರು ನಡೆದೇ ಬಂದುಬಿಡುತ್ತಿದ್ದರು. ನಡು ಅಂಗಳದಲ್ಲಿ ಕಾರಂಜಿ. ಸಂಜೆ ಅದಕ್ಕೆ ಬಣ್ಣದ ದೀಪ ಹಾಕಿದರೆ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ನಿಂತುಬಿಡುತ್ತಿದ್ದರು. ಹದಿನಾಲ್ಕನೇ ನಂಬರಿನಲ್ಲಿ ಸಾವಕಾರರು ಮೊದಲು ಸೀರೆ ಇಟ್ಟರು. ಆಮೇಲೆ ಅಂಗಡಿಯನ್ನು ಕ್ಯಾಸೆಟ್ಟಿನವನಿಗೆ ಬಾಡಿಗೆ ಕೊಟ್ಟರು. ಐದು ವರ್ಷ ಪುತಳಾಬಾಯಿಯ ಬೆನ್ನಿಗೆ ಬೆಳಗಿನಿಂದ ಸಂಜೆತನಕ ಹಾಡು. ಅವನು ಹೋಗಿ ಎಸ್‌ಟಿಡಿ ಬೂತಿನವನು ಬಂದ. ಆಗ ಬೆನ್ನಿಗೆ ಜಗಳ, ಅಳು, "ಕೇಳಸ್ತದೇನು, ಜೋರಿಲೆ ಮಾತಾಡು" ಎಂಬ ಕೂಗು. ಪೂನಾಕ್ಕೆ, ಮುಂಬೈಗೆ ದುಡಿಯಲು ಹೋದವರ ಮನೆ ಸುದ್ದಿಯೆಲ್ಲ ಆಕೆಯ ಕಿವಿಗೆ ಬಿದ್ದೇ ಮುಂದೆ ಹೋಗುತ್ತಿತ್ತು. ಬೂತು ಮುಚ್ಚಿದ ಮೇಲೆ ಝೆರಾಕ್ಸ್, ಅದಾದ ಮೇಲೆ ಮಕ್ಕಳ ರೆಡಿಮೇಡ್ ಬಟ್ಟೆ, ಈಗ ಮೂರು ವರ್ಷದಿಂದ ಹಮೀದನ ಮೊಬೈಲು. ಪ್ರತಿ ಹೊಸಬನೂ ಅಂಗಡಿ ತೆರೆಯುವ ದಿನ ಆಕೆಯಿಂದ ಒಂದು ಡಜನ್ ಹಣ್ಣು ಕೊಂಡು ನಕ್ಕು ಮಾತಾಡಿಸುತ್ತಿದ್ದ. ಬಿಟ್ಟು ಹೋಗುವ ದಿನ ಮಾತ್ರ ಯಾರೂ ಹೇಳಿಹೋಗುತ್ತಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಬೋರ್ಡು ಇರುತ್ತಿರಲಿಲ್ಲ, ಅಷ್ಟೇ.

ಕಾರಂಜಿ ಮೂರನೇ ಬೇಸಿಗೆಗೇ ಒಣಗಿತು. ಈಗ ಅದರ ಸುತ್ತ ಸ್ಕೂಟರು ನಿಲ್ಲಿಸುತ್ತಿದ್ದರು. ಮೇಲಿನ ಅಂತಸ್ತಿನ ವಿಡಿಯೊ ಲೈಬ್ರರಿ, ಐಸ್‌ಕ್ರೀಮ್ ಪಾರ್ಲರು, ಟೈಪಿಂಗ್ ಕ್ಲಾಸು ಒಂದೊಂದಾಗಿ ಮುಚ್ಚಿ ಅಲ್ಲೀಗ ಪಾರಿವಾಳಗಳ ಸಂಸಾರ. ರಿಂಗ್ ರೋಡಿನ ಮೇಲೆ ತಾನೇ ಮೇಲಕ್ಕೆ ಹತ್ತುವ ಮೆಟ್ಟಿಲಿರುವ ಮಾಲ್ ಒಂದು ಬಂದ ಮೇಲಂತೂ ಇತ್ತ ಬರುವವರು ರಿಪೇರಿಗೆ ಬರುವವರೇ: ವಾಚು ರಿಪೇರಿ, ಬ್ಯಾಗಿನ ಝಿಪ್ಪು, ಮೊಬೈಲಿನ ಬಟನ್ನು. ಸಾವಕಾರರ ಬಟ್ಟೆ ಅಂಗಡಿಯೂ ಎರಡು ವರ್ಷದ ಕೆಳಗೆ ಮುಚ್ಚಿತ್ತು.

ಈ ಇಪ್ಪತ್ತು ವರ್ಷದಲ್ಲಿ ಕೆಲವು ವರ್ಷಕ್ಕೊಮ್ಮೆ ಸಾವಕಾರರ ಗುಮಾಸ್ತ ಭಾಗಪ್ಪ ಅಂಗಡಿಯ ಕಾಗದ ಹೊಸದು ಮಾಡಿಸಲು ಫೈಲು, ಮಸಿಯ ಪ್ಯಾಡು ಹಿಡಿದು ಮೆಟ್ಟಿಲಿಗೆ ಬರುತ್ತಿದ್ದ. ಪುತಳಾಬಾಯಿ ಕೈಯ ಬಾಳೆ ಅಂಟನ್ನು ಸೆರಗಿಗೆ ಒರೆಸಿ ಹೆಬ್ಬೆಟ್ಟು ಒತ್ತುತ್ತಿದ್ದಳು. ನಡುವೆ ಒಂದು ವರ್ಷ ಕಮಲಾಪುರದಲ್ಲಿ ಸಾಕ್ಷರತೆಯ ಶಾಲೆ ನಡೆದಾಗ ಆಕೆ ಆರು ತಿಂಗಳು ಹೋಗಿ ಸ್ಲೇಟಿನ ಮೇಲೆ ತನ್ನ ಹೆಸರು ತಿದ್ದಿ ಕಲಿತಿದ್ದಳು. 'ಳಾ' ಅಕ್ಷರಕ್ಕೇ ಎರಡು ವಾರ ಹಿಡಿದಿತ್ತು. ಮುಂದಿನ ಸಲ ಭಾಗಪ್ಪ ಬಂದಾಗ, "ಪೆನ್ನು ಕೊಡ್ರಿ, ನಾ ಸಹಿ ಮಾಡ್ತೀನಿ," ಎಂದಳು. ಭಾಗಪ್ಪ ಪ್ಯಾಡನ್ನೇ ಮುಂದೆ ತಳ್ಳಿದ. "ಹಳೇ ಕಾಗದಕ್ಕ ಹೊಂದಬೇಕು ಬೇ. ಹೆಬ್ಬೆಟ್ಟೇ ಇರ್ಲಿ." ಆಕೆ ಮರುಮಾತಾಡದೆ ಒತ್ತಿದಳು.

ಮರುಮಾತಾಡದಿರಲು ಕಾರಣವಿತ್ತು. ಖಣಿಯಲ್ಲಿ ದೇವಿಂದ್ರಪ್ಪನ ಮೇಲೆ ಕಲ್ಲು ಬಿದ್ದು ಅವನು ಕಲಬುರ್ಗಿಯ ದವಾಖಾನೆಯಲ್ಲಿ ತೀರಿಕೊಂಡ ದಿನ, ಹೆಣವನ್ನು ಊರಿಗೆ ಒಯ್ಯಲು ಯಾವ ಗಾಡಿಯವನೂ ಒಪ್ಪದೆ ಆಕೆ ಗೇಟಿನಲ್ಲಿ ಕೂತಿದ್ದಾಗ, ಜೀಪು ಕಳಿಸಿದವರು ಸಾವಕಾರರು. ಡ್ರೈವರನಿಗೆ ಡೀಸೆಲ್ಲಿನ ರೊಕ್ಕವನ್ನೂ ಕೇಳಬೇಡವೆಂದು ಹೇಳಿದ್ದರು. ಆ ಜೀಪಿನ ಋಣ ಆಕೆಯ ಬಾಯಿ ಕಟ್ಟಿತ್ತು.

ಈಗ ಪಾಲಿಕೆಯಿಂದ ಆದೇಶ ಬಂದಿತ್ತು. ಯಾರ ಹೆಸರಿನಲ್ಲಿ ಅಂಗಡಿ ಇದೆಯೋ ಅವರೇ ಕೂತಿರಬೇಕು, ಇಲ್ಲದಿದ್ದರೆ ರದ್ದು. ಅದಕ್ಕೇ ಈ ಖುರ್ಚಿ, ಈ ಪಾಠ.

ತಪಾಸಣೆಗೆ ಬಂದದ್ದು ಪಾಲಿಕೆ ಆಫೀಸಿನ ಒಬ್ಬ ಮೇಡಂ. ಬಿಸಿಲಿಗೆ ಮುಖ ಬಾಡಿತ್ತು. ಹದಿಮೂರು ಅಂಗಡಿ ಮುಗಿಸಿ ಬಂದವರ ಸುಸ್ತು ಅದರಲ್ಲಿತ್ತು. ಸಾವಕಾರರು ಹೊರಗೆ ಯಾರೋ ಗಿರಾಕಿಯಂತೆ ನಿಂತರು. ಹಮೀದ್ ಸ್ಟೂಲು ಒರೆಸಿ ಕೊಟ್ಟ.

"ಹೆಸರು?"

ಪುತಳಾಬಾಯಿ ಹೇಳಿದಳು.

"ಈ ಅಂಗಡಿ ನಿಮ್ದೇನ್ರಿ?"

ಬಾಯಿಪಾಠ ಮಾಡಿದ ಮಾತು ಗಂಟಲಿಗೆ ಬಂತು. ಆದರೆ ಹಾಗೆ ನೆಟ್ಟಗೆ, ಕಣ್ಣಲ್ಲಿ ಕಣ್ಣಿಟ್ಟು, 'ರೀ' ಹಚ್ಚಿ ಈ ಪ್ರಶ್ನೆಯನ್ನು ಇದುವರೆಗೆ ಆಕೆಗೆ ಯಾರೂ ಕೇಳಿರಲಿಲ್ಲ. "ಹೌದ್ರಿ, ನಂದೇ ಅದ. ಇಲ್ಲಿ ಬೇವಿನ ಗಿಡ ಇದ್ದಾಗಿಂದ ನಂದು," ಎಂದಳು. ಗಿಡದ ಮಾತು ಪಾಠದಲ್ಲಿರಲಿಲ್ಲ. ಹೊರಗೆ ಸಾವಕಾರರು ಕೆಮ್ಮಿದರು.

ಮೇಡಂ ಹಳೆಯ ಹಾಳೆಗಳನ್ನು ತಿರುವಿದರು. "ಎಲ್ಲಾ ಕಡೆ ಹೆಬ್ಬೆಟ್ಟದ. ಓದು ಬರಹ ಇಲ್ಲೇನು?"

ಭಾಗಪ್ಪ ಪ್ಯಾಡು ತೆರೆದು ಮುಂದೆ ಬಂದ.

"ಸಹಿ ಬರ್ತದ್ರಿ ನನಗ," ಎಂದಳು ಪುತಳಾಬಾಯಿ.

"ಹಂಗಾದ್ರ ಹೆಬ್ಬೆಟ್ಟೂ ಹಾಕ್ರಿ, ಬಾಜೂಕ ಸಹಿನೂ ಮಾಡ್ರಿ. ಇನ್ಮ್ಯಾಲೆ ಸಹಿನೇ ನಡೀತದ."

ಆಕೆ ಪೆನ್ನು ಹಿಡಿದಳು. ಒಂದೊಂದು ಅಕ್ಷರಕ್ಕೂ ನಿಂತು, ಉಸಿರು ತೆಗೆದು, ಗೆರೆ ದಾಟಿ ಬರೆದಳು. ಮೇಡಂ ಅವಸರ ಮಾಡಲಿಲ್ಲ. ಮುಗಿದ ಮೇಲೆ ಹೊಸ ಕಾಗದಕ್ಕೆ ಮೊಹರು ಒತ್ತಿ ಹೇಳಿದರು: "ಇನ್ನ ಹತ್ತು ವರ್ಷ ಇದು ನಿಮ್ಮ ಹೆಸರಲೆ. ನೀವೇ ಕುಂದರಬೇಕು. ಬ್ಯಾರೆಯವರ ಕೈಯಾಗ ಕೊಟ್ಟೀರಿ ಅಂತ ಗೊತ್ತಾದ್ರ ರದ್ದಾಗ್ತದ. ತಿಳೀತಲ್ಲ?" ಹೀಗೆಂದು ಕಾಗದವನ್ನು ಆಕೆಯ ಕೈಗೇ ಕೊಟ್ಟು ಹದಿನೈದನೇ ನಂಬರಿಗೆ ನಡೆದರು.

ಅವರು ಮರೆಯಾಗುತ್ತಲೇ ಸಾವಕಾರರು ಒಳಗೆ ಬಂದರು. ಮುಖದ ಮೇಲೆ ಬಹಳ ದಿನದಿಂದ ಕಾಣದ ಕಳೆಯಿತ್ತು. "ಶಾಬಾಸ್ ಪುತಳಾ! ತಾ ಆ ಕಾಗದ, ಫೈಲಿನಾಗ ಇಡ್ತೀನಿ. ಭಾಗಪ್ಪ, ಆ ಸೀರಿ ಕೊಡು ಆಕಿಗಿ." ಭಾಗಪ್ಪ ಪ್ಲಾಸ್ಟಿಕ್ ಚೀಲ ಕೌಂಟರಿನ ಮೇಲಿಟ್ಟ. ಸಾವಕಾರರು ಬೆವರು ಒರೆಸಿಕೊಳ್ಳುತ್ತ ಮುಂದುವರಿಸಿದರು: "ಮತ್ತ ಒಂದು ಮಾತು. ಬರೋ ತಿಂಗಳು ಅಂಗಡಿಕಾರರೆಲ್ಲ ಸೇರಿ ಮೆಟ್ಟಲಿಗಿ ಗ್ರಿಲ್ ಹಾಕಸಲಾಕತ್ತಾರ. ಮಾಲ್‌ನಂಗ ನೀಟ್ ಕಾಣಬೇಕಂತ. ನಾ ಬ್ಯಾಡ ಅಂದೆ, ಕೇಳಲಿಲ್ಲ. ನೀ ಕೋಟಿ ಕಡಿ ಎಲ್ಲರೆ ಜಾಗ ನೋಡ್ಕೊ."

ಪುತಳಾಬಾಯಿ ಕಾಗದ ನೋಡಿದಳು. ನಾಲ್ಕು ಮಡಿಕೆ ಮಾಡಿದಳು. ಕುಪ್ಪಸದೊಳಗೆ ಇಟ್ಟುಕೊಂಡಳು.

"ಏಳು ಇನ್ನ. ಹಮೀದಗ ಗಿರಾಕಿ ಬರ್ತಾವ."

"ಸ್ವಲ್ಪ ಕುಂದರ್ತೀನ್ರಿ. ಮೊಣಕಾಲು ಹಿಡದಾವ."

"ಕಾಗದ ತಾ ಅಂದೆ."

"ನನ್ನ ಹತ್ರನೇ ಇರ್ಲಿ ಬಿಡ್ರಿ."

ಅದನ್ನು ಆಕೆ ಮೆಲ್ಲಗೇ ಅಂದಳು. ಸಾವಕಾರರು ಭಾಗಪ್ಪನ ಮುಖ ನೋಡಿದರು, ಭಾಗಪ್ಪ ಹಮೀದನ ಮುಖ ನೋಡಿದ. ಮಧ್ಯಾಹ್ನದ ಬಿಸಿಲಿಗೆ ಆಕೆಗೆ ತಲೆ ತಿರುಗಿರಬೇಕೆಂದುಕೊಂಡು ಸಾವಕಾರರು, "ನಾಳಿ ಮಾತಾಡೋಣು," ಎಂದು ಹೋದರು. ಆಕೆ ಸಂಜೆಯ ಬಸ್ಸಿನ ಹೊತ್ತಿನವರೆಗೂ ಖುರ್ಚಿ ಬಿಟ್ಟು ಏಳಲಿಲ್ಲ. ಮೆಟ್ಟಿಲ ಮೇಲಿನ ಹಣ್ಣು ಕೇಳುವವರಿಲ್ಲದೆ ಹಾಗೇ ಉಳಿಯಿತು. ಸೀರೆಯ ಚೀಲವೂ ಕೌಂಟರಿನ ಮೇಲೇ ಉಳಿಯಿತು.

ಆ ಸಂಜೆ ಕಮಲಾಪುರದಲ್ಲಿ ಮಗಳು ಸಾವಿತ್ರಿ ಕಾಗದವನ್ನು ಎರಡು ಸಲ ಓದಿ ಹೇಳಿದಳು. ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಅಕ್ಷರ ಅಕ್ಷರ ಬಿಡಿಸಿ ಓದುವುದು ಅವಳಿಗೆ ರೂಢಿ. "ಯವ್ವಾ, ಇದರಾಗ ಸಾವಕಾರರ ಹೆಸರೇ ಇಲ್ಲ," ಎಂದಳು. "ಗೊತ್ತದ," ಎಂದಳು ತಾಯಿ. ಅಷ್ಟು ವರ್ಷ ಗೊತ್ತಿದ್ದೂ ಇಬ್ಬರೂ ಎಂದೂ ಮಾತಾಡಿರದ ಸಂಗತಿ ಅದು.

ಮರುದಿನ ಪುತಳಾಬಾಯಿ ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಳಿಸಲಿಲ್ಲ. ಎಂಟು ಹೆಜ್ಜೆ ಒಳಗೆ ತಂದು ಕೌಂಟರಿನ ಎಡಕ್ಕೆ ಇಳಿಸಿದಳು. ಹಮೀದ್ ಶಟರಿನ ಕೊಕ್ಕೆ ಕೈಯಲ್ಲಿ ಹಿಡಿದು ನಿಂತುಬಿಟ್ಟ.

"ಆಯಿ, ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ," ಎಂದ. "ನಾ ಏನು ತಪ್ಪು ಮಾಡೀನಿ? ತಿಂಗಳಾ ತಪ್ಪದಂಗ ಸಾವಕಾರಗ ಬಾಡಿಗಿ ಕೊಡ್ತೀನಿ."

"ನಿನಗ ಹೋಗು ಅಂದೀನೇನು?" ಆಕೆ ಸ್ಟೂಲಿನ ಮೇಲೆ ಕೂತಳು. ಖುರ್ಚಿಯನ್ನು ಅವನ ಕಡೆ ತಳ್ಳಿದಳು. "ಅದು ತಿರುಗ್ತದ, ನನಗ ಬ್ಯಾಡ. ಆ ಕಡಿ ನಿನ್ನ ಮೊಬೈಲು, ಈ ಕಡಿ ನನ್ನ ಹಣ್ಣು. ಆಫೀಸಿಗಿ ತುಂಬೋ ಬಾಡಿಗಿ ಇಬ್ಬರೂ ಕೂಡಿ ತುಂಬೋಣು. ಸಾವಕಾರಗ ಇನ್ನ ಕೊಡೋದಿಲ್ಲ."

"ಅವರು ಸುಮ್ಮ ಬಿಡ್ತಾರೇನು?"

ಪುತಳಾಬಾಯಿ ಗೋಣಿಚೀಲ ಸರಿಸಿ ಹಣ್ಣು ಜೋಡಿಸತೊಡಗಿದಳು. ಆಕೆಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಬಸ್ಸಿನಲ್ಲಿ ಮಹಾಗಾಂವ ದಾಟುವಾಗ ಒಂದು ಸಲ, ತಿರುಗಿ ಇಳಿದುಬಿಡಲೇ ಅನಿಸಿತ್ತು. ಹಠ ಮಾಡುವ ವಯಸ್ಸು ದಾಟಿತ್ತು. ಆದರೆ ಕೋಟೆ ಕಡೆ ಹೋಗಿ ಹೊಸ ಜಾಗ ಹುಡುಕುವ, ಹೊಸಬರ ಬೈಗುಳ ತಿನ್ನುವ ವಯಸ್ಸು ಅದಕ್ಕಿಂತ ಮೊದಲೇ ದಾಟಿಹೋಗಿತ್ತು.

ಹತ್ತೂವರೆಗೆ ಸಾವಕಾರರು ಒಬ್ಬರೇ ಬಂದರು. ಐದು ಮೆಟ್ಟಿಲು ಹತ್ತುವುದರೊಳಗೆ ಎರಡು ಕಡೆ ನಿಂತರು. ಬುಟ್ಟಿ ನೋಡಿದರು, ಸ್ಟೂಲು ನೋಡಿದರು.

"ಏನಿದು, ಪುತಳಾ?"

"ಮೆಟ್ಟಲಿಗಿ ಗ್ರಿಲ್ ಬರ್ತದಂದ್ರಲ್ರಿ. ಒಳಗ ಬಂದೀನಿ."

"ಯಾರ ಅಂಗಡ್ಯಾಗ?"

ನಿನ್ನೆ ಅವರೇ ಕಲಿಸಿದ ಮಾತನ್ನು ಅವರಿಗೇ ತಿರುಗಿ ಹೇಳುವುದು ಆಕೆಗೆ ಸರಿ ಕಾಣಲಿಲ್ಲ.

"ಅನಾಮತ್ತು ಕಟ್ಟಿದಾಂವ ನಾ," ಎಂದರು ಸಾವಕಾರರು. ಧ್ವನಿ ಏರಿತು. "ಇಪ್ಪತ್ತು ವರ್ಷ ನಿನಗ ಅಲ್ಲಿಂದ ಯಾರೂ ಏಳಸಲಿಲ್ಲ, ಅದು ಯಾರಿಂದ? ಪೊಲೀಸರು ಬಂದ್ರ ಯಾರು ಮಾತಾಡಿದ್ರು? ನಿನ್ನ ಗಂಡ ಸತ್ತಾಗ ಜೀಪು ಕಳಿಸಿದ್ದು ಯಾರು? ಅದನ್ನೂ ಮರ್ತಿ?"

ಪುತಳಾಬಾಯಿಯ ಕಣ್ಣು ತುಂಬಿತು. ಈ ಮಾತು ಬರುತ್ತದೆಂದು ಆಕೆಗೆ ಗೊತ್ತಿತ್ತು. ಇದೊಂದಕ್ಕೇ ಆಕೆ ರಾತ್ರಿಯೆಲ್ಲ ಹೆದರಿದ್ದಳು.

"ಮರ್ತಿಲ್ರಿ. ಮರ್ತಿದ್ರ ಇಷ್ಟು ವರ್ಷ ಹೊರಗ ಕುಂದರ್ತಿದ್ದಿಲ್ಲ."

ಎದುರಿನ ವಾಚ್ ರಿಪೇರಿಯ ಖಾಜಾ ಕಣ್ಣಿಗೆ ಸಿಕ್ಕಿಸಿಕೊಂಡ ಗಾಜು ತೆಗೆದು ಇತ್ತ ನೋಡಿದ. ಸಾವಕಾರರು ಕೌಂಟರಿಗೆ ಕೈಯೂರಿ ನಿಂತರು. ಅವರ ಅಂಗಿಯ ಮೇಲಿನ ಗುಂಡಿ ಹರಿದಿತ್ತು. ಒಂದು ಕಾಲಕ್ಕೆ ಮದುವೆ ಜವಳಿಗೆಂದು ಇಡೀ ಊರಿಗೆ ಊರೇ ಇವರ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದುದನ್ನು ಪುತಳಾಬಾಯಿ ನೋಡಿದ್ದಳು.

"ನನಗೂ ಉಳದಿದ್ದು ಇಂಥವೇ ಮೂರು ಅಂಗಡಿ," ಎಂದರು ಅವರು. ಈಗ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಮಕ್ಕಳು ಕೈಬಿಟ್ಟಾರ. ಈ ಅಂಗಡಿ ಬಾಡಿಗಿ ಮ್ಯಾಲೆ ನಮ್ಮ ಒಲಿ ಉರೀತದ."

ಅವರು ಸುಳ್ಳು ಹೇಳುತ್ತಿಲ್ಲವೆಂದು ಆಕೆಗೆ ಗೊತ್ತಿತ್ತು. ಆಕೆಯ ಕೈ ಗೊನೆಯಿಂದ ನಾಲ್ಕು ಹಣ್ಣು ಮುರಿದು ಗಾಜಿನ ಮೇಲಿಟ್ಟಿತು. "ಮನಿಗಿ ಒಯ್ರಿ," ಎಂದಳು. ಇಪ್ಪತ್ತು ವರ್ಷದಲ್ಲಿ ಅವರು ಆಕೆಯಿಂದ ಒಂದು ಹಣ್ಣನ್ನೂ ಕೊಂಡವರಲ್ಲ. ಸಾವಕಾರರು ಹಣ್ಣನ್ನು ನೋಡಿದರು, ಆಕೆಯನ್ನು ನೋಡಿದರು. ಪಕ್ಕದಲ್ಲಿದ್ದ ಸೀರೆಯ ಚೀಲ ಎತ್ತಿಕೊಂಡರು. ಹಣ್ಣು ಬಿಟ್ಟು ಮೆಟ್ಟಿಲಿಳಿದರು.

"ಆಫೀಸಿಗಿ ಹೋಗಿ ದೂರು ಕೊಡ್ತಾರೇನು?" ಪುತಳಾಬಾಯಿ ಕೇಳಿದಳು.

ಹಮೀದ್ ಯೋಚಿಸಿದ. "ಕೊಡಂಗಿಲ್ಲ ಆಯಿ. ಅವರ ಉಳದ ಎರಡು ಅಂಗಡಿನೂ ಬ್ಯಾರೆಯವರ ಹೆಸರಲೇ ಅವ, ದೂರು ಕೊಟ್ರ ಆ ಬಣ್ಣನೂ ಹೊರಗ ಬೀಳ್ತದ." ಅವನ ಮುಖದಲ್ಲಿ ಮೊದಲ ಸಲ ಒಂದಿಷ್ಟು ಧೈರ್ಯ ಕಂಡಿತು. ಆದರೆ ಆಕೆಗೆ ಆ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ. ಆ ಎರಡು ಅಂಗಡಿ ಯಾರ ಹೆಸರಿನಲ್ಲಿದ್ದಾವೋ, ಅವರು ಈಗ ಎಲ್ಲಿ ಯಾವ ಬಿಸಿಲಲ್ಲಿ ಕೂತಿದ್ದಾರೋ ಎಂದು ಆ ಬೇವಿನ ಮರದ ಕೆಳಗಿನ ಮುಖಗಳನ್ನು ನೆನೆಸಿಕೊಳ್ಳಲು ನೋಡಿದಳು. ಇಬ್ಬರದು ಮಾತ್ರ ನೆನಪಾಯಿತು.

ಆ ದಿನ ವ್ಯಾಪಾರ ಅರ್ಧವೂ ಆಗಲಿಲ್ಲ. ಹಳೆಯ ಗಿರಾಕಿಗಳು ಬಂದು ಖಾಲಿ ಮೆಟ್ಟಿಲು ನೋಡಿ ಮುಂದೆ ಹೋಗುತ್ತಿದ್ದರು. ಒಳಗಿನಿಂದ ಕೂಗಿ ಕರೆಯಲು ಆಕೆಗೆ ನಾಚಿಕೆಯಾಗುತ್ತಿತ್ತು. ಮಧ್ಯಾಹ್ನ ಒಬ್ಬಾಕೆ ಮೊಬೈಲಿಗೆ ಕರೆನ್ಸಿ ಹಾಕಿಸಲು ಬಂದವಳು ಕಂಕುಳ ಕೂಸಿಗೆಂದು ಎರಡು ಹಣ್ಣು ಕೊಂಡಳು. ಸಂಜೆ ಹಮೀದ್ ಶಟರು ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಯಾವಾಗಲೂ ಹಾಗೇ ಎಂದ. ಇಬ್ಬರೂ ಜೋತುಬಿದ್ದು ಇಳಿಸಿದರು. ತನ್ನಲ್ಲಿದ್ದ ಎರಡು ಕೀಲಿಕೈಯಲ್ಲಿ ಒಂದನ್ನು ಬಿಚ್ಚಿ ಅವನು ಆಕೆಯ ಅಂಗೈಯಲ್ಲಿಟ್ಟ.

ಬಸ್ಸಿನಲ್ಲಿ ನಿದ್ದೆ ಹತ್ತಿ, ಕಮಲಾಪುರ ಬಂದಾಗ ಕಂಡಕ್ಟರನೇ ಎಬ್ಬಿಸಬೇಕಾಯಿತು. ಮನೆಯಲ್ಲಿ ಸಾವಿತ್ರಿ ನೀರು ಕಾಯಿಸಿಟ್ಟಿದ್ದಳು. ತಾಯಿಯ ಕಾಲು ಬಿಸಿನೀರಿನ ಬೋಗುಣಿಯಲ್ಲಿಟ್ಟು ಮೊಣಕಾಲು ತಿಕ್ಕುತ್ತ ಸಾವಕಾರರು ಬಂದದ್ದು, ಹೋದದ್ದು ಎಲ್ಲ ಕೇಳಿದಳು. ಬೋಗುಣಿಗೆ ಇನ್ನಷ್ಟು ಬಿಸಿನೀರು ಸುರಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಒಳಗ ಕುಂತ್ರ ಹ್ಯಾಂಗ ಅನಸ್ತದ ಯವ್ವಾ?"

ಪುತಳಾಬಾಯಿ ಕಣ್ಣು ಮುಚ್ಚಿಕೊಂಡೇ ಯೋಚಿಸಿದಳು.

"ಫ್ಯಾನಿನ ಗಾಳಿ ಭಾಳ ಥಂಡಿ ಬಡೀತದ," ಎಂದಳು. "ನಾಳಿ ಒಂದು ಚಾದರ ಒಯ್ಬೇಕು."

ಸಾವಿತ್ರಿ ಕೈ ಒರೆಸಿಕೊಂಡು ಎದ್ದಳು. ಟ್ರಂಕಿನ ತಳದಿಂದ ಒಂದು ಹಳೆಯ ಚಾದರ ತೆಗೆದು, ಅಂಗಳಕ್ಕೆ ಒಯ್ದು ಝಾಡಿಸಿ, ಬೆಳಿಗ್ಗೆ ಮರೆಯದ ಹಾಗೆ ಬಾಗಿಲ ಪಕ್ಕದ ಗೂಟಕ್ಕೆ ಹಾಕಿದಳು.